ಕುದುರೆಗೆ ಲಾಯವುಂಟು, ಕಾಯುವ ಕೈ ಎಲ್ಲಿ?

ನಮ್ಮ ಕುಟುಂಬಕ್ಕೆ ಒಂದು ಕುದುರೆ ಇದೆ ಎಂದು ಹೇಳಿದರೆ ಕೇಳುವವರು ಒಂದು ಕ್ಷಣ ನನ್ನ ಚಪ್ಪಲಿಯನ್ನೂ ಅಂಗಿಯನ್ನೂ ನೋಡುತ್ತಾರೆ. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾಗಿ ಚಿಕ್ಕಬಳ್ಳಾಪುರದಲ್ಲಿ ನೆಲೆಸಿರುವ ನನಗೂ ಕುದುರೆಗೂ ಯಾವ ಸಂಬಂಧ ಎಂಬ ಅವರ ಅನುಮಾನ ನ್ಯಾಯವಾದದ್ದೇ. ಕುದುರೆ ನನ್ನದಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿರುವ ಮಗಳು ಸವಾರಿ ಕಲಿತು, ರೇಸಿನಿಂದ ನಿವೃತ್ತಿಯಾದ ಒಂಬತ್ತು ವರ್ಷದ ಕುದುರೆಯೊಂದನ್ನು ಕೊಂಡಳು. ನಂದಿಬೆಟ್ಟದ ತಪ್ಪಲಿನಲ್ಲಿ ಖಾಸಗಿಯವರು ನಡೆಸುವ ಲಾಯವೊಂದರಲ್ಲಿ ಅದನ್ನು ಕಟ್ಟಿದಳು. ತಿಂಗಳಿಗೆ 18,000 ರೂಪಾಯಿ ಕೊಟ್ಟರೆ ಲಾಯದ ಕೋಣೆ, ಹುಲ್ಲು, ನೀರಿನ ಸೌಕರ್ಯ ಸಿಗುತ್ತದೆ. ದಿನನಿತ್ಯದ ಆರೈಕೆಗೆ ಜನವನ್ನು ಮಾತ್ರ ಕುದುರೆಯ ಒಡೆಯರೇ ಗೊತ್ತುಮಾಡಿಕೊಳ್ಳಬೇಕು.

ಮಗಳನ್ನು ಕಂಪನಿ ಒಂದು ವರ್ಷದ ಮಟ್ಟಿಗೆ ಜರ್ಮನಿಗೆ ಕಳುಹಿಸಿತು. ಅದೇ ತಿಂಗಳು ಕುದುರೆ ನೋಡಿಕೊಳ್ಳುತ್ತಿದ್ದ ಹುಡುಗನೂ ದೇವನಹಳ್ಳಿ ಕಡೆಯ ಗೋದಾಮೊಂದರ ಕೆಲಸಕ್ಕೆ ಸೇರಿಕೊಂಡ. ಅಲ್ಲಿ ಪಾಳಿ ಎಂಟು ಗಂಟೆ, ವಾರಕ್ಕೊಂದು ರಜೆ, ತಿಂಗಳ ಮೊದಲ ವಾರ ಸಂಬಳ. ಹೋಗಬೇಡ ಎನ್ನಲು ನನ್ನ ಬಳಿ ಯಾವ ವಾದವೂ ಇರಲಿಲ್ಲ. ‘ಯಾರಾದರೂ ಸಿಕ್ಕೇ ಸಿಗುತ್ತಾರೆ ಅಪ್ಪ, ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆಯ ಕೆಲಸ ತಾನೇ’ ಎಂದಳು ಮಗಳು ಫೋನಿನಲ್ಲಿ. ನಾನೂ ಹಾಗೆಯೇ ಅಂದುಕೊಂಡೆ. ಹಸು ಸಾಕದ ಮನೆಯನ್ನು ಹುಡುಕಬೇಕಾದ ಜಿಲ್ಲೆ ನಮ್ಮದು. ಪ್ರಾಣಿಯ ಒಡನಾಟ ಬಲ್ಲವರಿಗೆ ಇಲ್ಲಿ ಬರವೇ?

ಬರವಿತ್ತು. ಅದನ್ನು ಅರಿಯಲು ನನಗೆ ಒಂದೂವರೆ ತಿಂಗಳೂ ಒಂದು ಕರಾಳ ರಾತ್ರಿಯೂ ಬೇಕಾದವು.

ಮೊದಲು ಹೋದದ್ದು ಶಿಡ್ಲಘಟ್ಟಕ್ಕೆ. ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಹಿಪ್ಪುನೇರಳೆ ತೋಟ ಮಾಡಿಕೊಂಡು ರೇಷ್ಮೆ ಹುಳು ಸಾಕುತ್ತಾನೆ. ಅವನ ಕಡೆಯವರು ಯಾರಾದರೂ ಬರಬಹುದೇ ಎಂದು ಕೇಳಿದೆ. ಅವನು ಗೌರವದಿಂದ ಕಾಫಿ ಕೊಟ್ಟು ಹುಳುಮನೆ ತೋರಿಸಿದ. ಹುಳುಗಳು ನಾಲ್ಕನೇ ಜ್ವರದಿಂದ ಎದ್ದು ಸೊಪ್ಪನ್ನು ಮುಕ್ಕುತ್ತಿದ್ದವು. ಮಳೆ ಸುರಿದಂಥ ಸದ್ದು. ಮನೆಮಂದಿಯೆಲ್ಲ ನಿದ್ದೆಗೆಟ್ಟು ನಿಂತಿದ್ದರು. ‘ದಿನಾ ನೋಡಿಕೊಳ್ಳೋ ಕೆಲಸ ನಮಗೆ ಹೊಸದಲ್ಲ ಸಾರ್. ಆದರೆ ಹುಳು ಇಪ್ಪತ್ತೈದು ದಿನಕ್ಕೆ ಗೂಡು ಕಟ್ಟುತ್ತೆ, ಮಾರ್ಕೆಟ್ಟಿಗೆ ಹಾಕಿ ಮಲಗಿಬಿಡಬಹುದು. ನಿಮ್ಮ ಕುದುರೆ ಯಾವತ್ತು ಗೂಡು ಕಟ್ಟುತ್ತೆ?’ ಎಂದು ಕೇಳಿದ. ನಕ್ಕೆವು. ಬಸ್ಸಿನಲ್ಲಿ ಹಿಂತಿರುಗುವಾಗ ಆ ನಗೆ ನಿಂತುಹೋಯಿತು. ಮುಗಿಯುವ ದುಡಿಮೆಗೂ ಮುಗಿಯದ ದುಡಿಮೆಗೂ ಇರುವ ಅಂತರವನ್ನು ಅವನು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದ.

ಎರಡನೆಯವನು ಲಾಯದ ಸಮೀಪದ ಹಳ್ಳಿಯ ಯುವಕ. ಮನೆಯಲ್ಲಿ ನಾಲ್ಕು ಹಸು, ಡೇರಿಗೆ ಹಾಲು ಹಾಕುವವನು. ಉತ್ಸಾಹದಿಂದ ಬಂದ. ಆದರೆ ಹಸುವನ್ನು ಬಲ್ಲವನು ಕುದುರೆಯನ್ನು ಬಲ್ಲ ಎಂದು ಭಾವಿಸಿದ್ದು ನನ್ನ ತಪ್ಪು. ಹಸು ಮೆಲುಕು ಹಾಕುವ ಪ್ರಾಣಿ. ಒಮ್ಮೆ ಹೊಟ್ಟೆ ತುಂಬಿದರೆ ನೆಮ್ಮದಿಯಾಗಿ ಮಲಗಿ ಜೀರ್ಣಿಸಿಕೊಳ್ಳುತ್ತದೆ. ಕುದುರೆಗೆ ಆ ಸೌಭಾಗ್ಯವಿಲ್ಲ. ಅಷ್ಟು ದೊಡ್ಡ ದೇಹಕ್ಕೆ ಅದರ ಜಠರ ಬಲು ಚಿಕ್ಕದು. ಆದ್ದರಿಂದ ಹಗಲೂ ರಾತ್ರಿಯೂ ಸ್ವಲ್ಪಸ್ವಲ್ಪವೇ ಮೇಯುತ್ತಿರಬೇಕು. ಸೇರದ್ದನ್ನು ತಿಂದರೆ ವಾಂತಿ ಮಾಡಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಹಸುವನ್ನು ಗೂಟಕ್ಕೆ ಕಟ್ಟಿ ಸಾಕಬಹುದು. ಕುದುರೆ ಕಟ್ಟಿದಲ್ಲೇ ನಿಂತರೆ ಕಾಯಿಲೆ ಬೀಳುತ್ತದೆ. ಒದ್ದೆ ನೆಲದಲ್ಲಿ ನಿಂತರೆ ಗೊರಸಿನ ತಳ ಕೊಳೆಯುತ್ತದೆ. ಪ್ರತಿದಿನ ನಾಲ್ಕೂ ಗೊರಸುಗಳನ್ನು ಎತ್ತಿ, ಒಳಗೆ ಸೇರಿದ ಮಣ್ಣನ್ನೂ ಲದ್ದಿಯನ್ನೂ ಕೊಕ್ಕೆಯಿಂದ ಕೆರೆದು ತೆಗೆಯಬೇಕು. ಹಿಂಗಾಲು ಎತ್ತುವುದನ್ನು ನೆನೆದೇ ಆ ಯುವಕ ಮೂರನೆಯ ದಿನ ಬರಲಿಲ್ಲ. ಅವನನ್ನು ನಾನು ದೂರಲಾರೆ. ನನಗೂ ಆ ಕಾಲು ಎತ್ತುವ ಧೈರ್ಯವಿರಲಿಲ್ಲ.

ಗೌರಿಬಿದನೂರಿನಲ್ಲಿ ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆಗೆ ಕೊಡುವವರೊಬ್ಬರಿದ್ದಾರೆಂದು ಯಾರೋ ಹೇಳಿದರು. ಅವರು ತಮ್ಮ ಕಡೆಯ ಇಪ್ಪತ್ತರ ಹರೆಯದ ಹುಡುಗನೊಬ್ಬನನ್ನು ಹತ್ತು ದಿನಕ್ಕೆಂದು ಕಳುಹಿಸಿದರು. ಬ್ಯಾಂಡು, ಪಟಾಕಿ, ಕುಣಿಯುವ ಜನರ ನಡುವೆ ಕುದುರೆಯನ್ನು ಸಮಾಧಾನವಾಗಿ ನಡೆಸಬಲ್ಲ ಕೈ ಅವನದು. ನಮ್ಮ ಕುದುರೆಯೂ ಅವನನ್ನು ಒಪ್ಪಿಕೊಂಡಿತು. ಮಾಲೀಸು ಮಾಡುವಾಗ ಅವನು ಎಡಗೈಯನ್ನು ಮೇಲಕ್ಕೆತ್ತಲು ಕಷ್ಟಪಡುತ್ತಿದ್ದುದನ್ನು ಗಮನಿಸಿ ಕೇಳಿದೆ. ಹಿಂದಿನ ವರ್ಷ ಮೆರವಣಿಗೆಯಲ್ಲಿ ಪಟಾಕಿಗೆ ಬೆದರಿದ ಕುದುರೆ ಒದ್ದು ಪಕ್ಕೆಲುಬು ಮುರಿದಿತ್ತಂತೆ. ಆಸ್ಪತ್ರೆಯ ಖರ್ಚು ಯಾರು ಕೊಟ್ಟರು ಎಂಬ ಪ್ರಶ್ನೆಗೆ ‘ಅಮ್ಮ ಸಾಲ ಮಾಡಿದಳು ಸಾರ್’ ಎಂದ. ಮದುವೆ ಮನೆಯವರು, ಕುದುರೆಯವರು, ಬ್ಯಾಂಡಿನವರು ಮೂವರೂ ಅವನು ತಮ್ಮ ಕೆಲಸಗಾರನಲ್ಲ ಎಂದಿದ್ದರು. ಲಗ್ನದ ದಿನಗಳು ಬಂದೊಡನೆ ಅವನು ಮರಳಿ ಹೋದ. ಮತ್ತೆ ಲಾಯದಲ್ಲಿ ಕುದುರೆಯೂ ನಾನೂ ಉಳಿದೆವು.

ಆ ರಾತ್ರಿಯ ಸಂಗತಿ ನಡೆದದ್ದು ಆಗಲೇ. ಎರಡು ದಿನ ನನಗೆ ಜ್ವರ. ಲಾಯದಲ್ಲಿ ಬೇರೊಂದು ಕೆಲಸಕ್ಕಿದ್ದವರೊಬ್ಬರಿಗೆ ಹುಲ್ಲು ಹಾಕಿ, ನೀರು ನೋಡಿ ಎಂದು ಹೇಳಿದ್ದೆ. ಮೂರನೆಯ ದಿನ ಸಂಜೆ ಹೋದಾಗ ಕುದುರೆ ಮುಂಗಾಲಿನಿಂದ ನೆಲ ಕೆರೆಯುತ್ತಿತ್ತು. ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡುತ್ತಿತ್ತು. ಮಲಗುವುದು, ಏಳುವುದು, ಮತ್ತೆ ಮಲಗುವುದು. ಮೈಯೆಲ್ಲ ಬೆವರು. ಪಶುವೈದ್ಯರಿಗೆ ಫೋನು ಮಾಡಿದೆ. ಹೊಟ್ಟೆಶೂಲೆ ಎಂದರು. ಮೇವು ತೆಗೆಯಿರಿ, ನಾನು ಬರುವವರೆಗೆ ಹೊರಳಾಡಲು ಬಿಡದೆ ನಿಧಾನವಾಗಿ ನಡೆಸಿ ಎಂದರು. ಎರಡು ಗಂಟೆಯ ಕಾಲ ಅರ್ಧ ಟನ್ನಿನಷ್ಟು ಭಾರದ, ನೋವಿನಿಂದ ನಡುಗುವ ಪ್ರಾಣಿಯ ಹಗ್ಗ ಹಿಡಿದು, ಕತ್ತಲೆಯಲ್ಲಿ ನಂದಿಬೆಟ್ಟದ ನೆರಳಿನ ಕೆಳಗೆ ಓಡಾಡಿದೆ. ವೈದ್ಯರು ಬಂದು ಮೂಗಿನ ಮೂಲಕ ಕೊಳವೆ ಇಳಿಸಿದರು, ಚುಚ್ಚುಮದ್ದು ಕೊಟ್ಟರು. ಬೆಳಗಿನ ನಾಲ್ಕು ಗಂಟೆಗೆ ಕುದುರೆ ಲದ್ದಿ ಹಾಕಿತು. ಲದ್ದಿಯನ್ನು ಕಂಡು ಕಣ್ಣೀರು ಬಂದದ್ದು ಬದುಕಿನಲ್ಲಿ ಅದೇ ಮೊದಲು.

‘ನೀರು ಇತ್ತೇ?’ ಎಂದು ವೈದ್ಯರು ಕೇಳಿದರು. ಇತ್ತು, ತೊಟ್ಟಿ ತುಂಬಿತ್ತು ಎಂದೆ. ‘ಇತ್ತೋ ಇಲ್ಲವೋ ಅಲ್ಲ, ಕುಡಿಯಿತೇ?’ ಎಂದರು. ಟಾರ್ಚು ಹಿಡಿದು ನೋಡಿದರೆ ತೊಟ್ಟಿಯಲ್ಲಿ ಪಾಚಿ ಕಟ್ಟಿತ್ತು; ಒಂದು ಇಲಿಯೂ ಸತ್ತು ಬಿದ್ದಿತ್ತು. ದಿನಕ್ಕೆ ಇಪ್ಪತ್ತೈದರಿಂದ ನಲವತ್ತು ಲೀಟರಿನವರೆಗೆ ಕುಡಿಯಬೇಕಾದ ಪ್ರಾಣಿ ಅದನ್ನು ಮೂಸಿ ಹಿಂದೆ ಸರಿದಿತ್ತು. ಒಣಹುಲ್ಲು ಕರುಳಿನಲ್ಲಿ ಗಟ್ಟಿಯಾಗಿ ಕುಳಿತಿತ್ತು. ಹೇಳಿದವನು ನಾನು, ಹಾಕಿದವರು ಅವರು. ಇಬ್ಬರೂ ನಮ್ಮ ನಮ್ಮ ಕೆಲಸ ಮಾಡಿದ್ದೆವು. ನೋಡಿದವರು ಮಾತ್ರ ಯಾರೂ ಇರಲಿಲ್ಲ.

ಈ ನೋಡುವ ವಿದ್ಯೆ ನಮ್ಮ ಸೀಮೆಗೆ ಅಪರಿಚಿತವೇನಲ್ಲ. ನಾನು ಹುಡುಗನಾಗಿದ್ದಾಗ ಬೆಂಗಳೂರಿನಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯ ಮಾರ್ಗವಾಗಿ ಕೋಲಾರಕ್ಕೆ ಹೋಗುತ್ತಿದ್ದ ನ್ಯಾರೋಗೇಜ್ ರೈಲು ಇತ್ತು. ರೈಲು ಇಳಿದರೆ ಹೊರಗೆ ಜಟಕಾಗಳ ಸಾಲು. ಒಳಗೆ ಹುಲ್ಲು ಹಾಸಿ ಮೇಲೆ ಗೋಣಿ ಹೊದಿಸಿದ ಪೀಠ, ಕೆಳಗೆ ತೂಗುವ ಹಸಿಹುಲ್ಲಿನ ಚೀಲ, ‘ಸ್ವಲ್ಪ ಮುಂದಕ್ಕೆ ಬನ್ನಿ ಸ್ವಾಮಿ’ ಎಂದು ಭಾರ ಸರಿದೂಗಿಸುವ ಸಾಹೇಬರು. ಇದೇ ಸೀಮೆಯ ಮುಳಬಾಗಿಲಿನವರಾದ ಡಿವಿಜಿ ‘ಮಂಕುತಿಮ್ಮನ ಕಗ್ಗ’ದಲ್ಲಿ ಬದುಕನ್ನು ಜಟಕಾ ಬಂಡಿಗೆ ಹೋಲಿಸಿದಾಗ ಅಂದಿನ ಓದುಗರಿಗೆ ಅಡಿಟಿಪ್ಪಣಿ ಬೇಕಿರಲಿಲ್ಲ. ಆಟೋಗಳು ಬಂದವು, ಜಟಕಾಗಳು ಒಂದೊಂದಾಗಿ ಮರೆಯಾದವು. ಆ ಹಳೆಯ ರೈಲೂ ನಿಂತು, 2013ರಲ್ಲಿ ಅದೇ ದಾರಿಯಲ್ಲಿ ಬ್ರಾಡ್‌ಗೇಜ್ ರೈಲು ಬಂತು. ಜಟಕಾ ಮರಳಲಿಲ್ಲ. ಇಡೀ ದೇಶದ ಕಥೆಯೂ ಇದೇ. 2012ರ ಜಾನುವಾರು ಗಣತಿಯಲ್ಲಿ ಆರು ಲಕ್ಷಕ್ಕೂ ಹೆಚ್ಚಿದ್ದ ಕುದುರೆಗಳ ಸಂಖ್ಯೆ 2019ರ ಗಣತಿಯ ಹೊತ್ತಿಗೆ ಸುಮಾರು 3.4 ಲಕ್ಷಕ್ಕೆ ಇಳಿಯಿತು. ಕುದುರೆಗಳನ್ನು ಗಣತಿಯವರು ಎಣಿಸಿದರು. ಅವುಗಳೊಡನೆ ಕಣ್ಮರೆಯಾದ ವಿದ್ಯೆಯನ್ನು ಎಣಿಸುವ ಗಣತಿ ಇಲ್ಲ.

ಚಿಂತಾಮಣಿಯಲ್ಲಿ ಹಿಂದೆ ಜಟಕಾ ಓಡಿಸುತ್ತಿದ್ದ ಹಿರಿಯರೊಬ್ಬರು ಇದ್ದಾರೆಂದು ವೈದ್ಯರೇ ಸುಳಿವು ಕೊಟ್ಟರು. ಹುಡುಕಿಕೊಂಡು ಹೋದೆ. ಅರವತ್ತಾರು ದಾಟಿದ ಜೀವ. ಟೊಮೆಟೊ ಮಂಡಿಯಲ್ಲಿ ರಾತ್ರಿ ಕಾವಲು ಕೆಲಸ ಮಾಡುತ್ತಿದ್ದರು. ಕುದುರೆ ಎಂಬ ಮಾತು ಬಂದೊಡನೆ ಅವರು ಕೇಳಿದ ಮೊದಲ ಪ್ರಶ್ನೆ ಸಂಬಳದ್ದಲ್ಲ. ‘ಲದ್ದಿ ಹೇಗೆ ಹಾಕ್ತದೆ ಸಾರ್?’ ಎಂದರು. ಚಿಕ್ಕಬಳ್ಳಾಪುರದಲ್ಲಿ ಅವರ ಮಗಳ ಮನೆ ಇದ್ದುದರಿಂದ ಅಲ್ಲಿದ್ದುಕೊಂಡು ಬರಲು ಒಪ್ಪಿದರು.

ಮೊದಲ ದಿನ ಅವರು ಕುದುರೆಯನ್ನು ಮುಟ್ಟಲೇ ಇಲ್ಲ. ಕಾಲು ಗಂಟೆ ಬಾಗಿಲಲ್ಲಿ ನಿಂತು ನೋಡಿದರು. ಯಾವ ಕಾಲಿನ ಮೇಲೆ ಭಾರ ಬಿಡುತ್ತಿದೆ, ಕಿವಿ ಎತ್ತ ತಿರುಗಿದೆ, ರಾತ್ರಿ ಮಲಗಿದ ಗುರುತು ಎಲ್ಲಿದೆ, ಲದ್ದಿ ಎಷ್ಟು ಕಡೆ ಬಿದ್ದಿದೆ. ಆಮೇಲೆ ಹೊಟ್ಟೆಗೆ ಕಿವಿಯಿಟ್ಟು ಎಡಗಡೆ ಬಲಗಡೆ ಆಲಿಸಿದರು. ಕರುಳಿನ ಗುಡುಗುಡು ಕೇಳಿಸಬೇಕು, ಮೌನವಾಗಿದ್ದರೆ ಅಪಾಯ ಎಂದು ನನ್ನನ್ನೂ ಕರೆದು ಕೇಳಿಸಿದರು. ಅಂಗೈಯ ಹಿಂಭಾಗವನ್ನು ಒಂದೊಂದೇ ಕಾಲಿನುದ್ದಕ್ಕೂ ಸವರಿ ಗೊರಸಿನವರೆಗೆ ಇಳಿಸಿದರು. ಬಿಸಿಯಿದ್ದರೆ ಕುಂಟುವ ಮೊದಲೇ ಕೈಗೆ ತಿಳಿಯುತ್ತದಂತೆ. ತುಟಿ ಎತ್ತಿ ಒಸಡು ಒತ್ತಿದರು. ಬೆಳ್ಳಗಾದ ಜಾಗ ಮತ್ತೆ ಕೆಂಪಾಗಲು ಎಷ್ಟು ಹೊತ್ತು ಎಂದು ನೋಡಿದರು. ಮುಂದಿನ ವಾರ ಬಂದ ವೈದ್ಯರು ಸ್ಟೆತಸ್ಕೋಪಿನಿಂದ ಪರೀಕ್ಷಿಸಿದ್ದೂ ಇದೇ ಕ್ರಮದಲ್ಲಿ.

ಹುಲ್ಲು ಬದಲಾಯಿಸುವುದಾದರೆ ಒಂದೇ ದಿನದಲ್ಲಿ ಬದಲಾಯಿಸಬಾರದು, ವಾರಗಟ್ಟಲೆ ಹಳೆಯದರೊಡನೆ ಬೆರೆಸುತ್ತ ಬರಬೇಕು. ಹುರುಳಿ ಬೇಯಿಸಿ ಆರಿಸಿ ಹಿಡಿಯಷ್ಟೇ ಕೊಡಬೇಕು. ಕುದುರೆ ಮೆಂತ್ಯದ ಸೊಪ್ಪು ಒಳ್ಳೆಯದೆಂದು ಅದನ್ನೇ ತುಂಬಬಾರದು. ಬೆವರು ಆರುವ ಮೊದಲು ಹೊಟ್ಟೆತುಂಬ ಕಾಳು ಇಡಬಾರದು. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಬದಲಾಯಿಸಬೇಕು. ಚಿಕ್ಕ ಗಾಯವಾದರೂ ಧನುರ್ವಾಯುವಿನ ಚುಚ್ಚುಮದ್ದು ಆಗಿದೆಯೇ ಎಂದು ವಿಚಾರಿಸಬೇಕು. ಕುದುರೆಗೆ ಆ ರೋಗದ ಭಯ ಉಳಿದ ಜಾನುವಾರುಗಳಿಗಿಂತ ಹೆಚ್ಚು. ಯಾವುದನ್ನೂ ಅವರು ಪುಸ್ತಕದಿಂದ ಕಲಿತಿರಲಿಲ್ಲ. ಹಾಗೆಂದು ಪುಸ್ತಕಗಳಿರಲಿಲ್ಲ ಎಂದಲ್ಲ. ಸುಮಾರು 1400ರ ಹೊತ್ತಿಗೇ ಅಭಿನವಚಂದ್ರನೆಂಬ ಕವಿ ಕನ್ನಡದಲ್ಲಿ ‘ಅಶ್ವವೈದ್ಯ’ ಬರೆದಿದ್ದ. ಬರೆದದ್ದು ಹಸ್ತಪ್ರತಿಯಲ್ಲಿ ಉಳಿಯಿತು, ಬರೆಯದ ಅರಿವು ಇಂಥವರ ಅಂಗೈಯಲ್ಲಿ ಉಳಿಯಿತು.

ಹದಿಮೂರನೆಯ ಶತಮಾನದ ಕೊನೆಯಲ್ಲಿ ದಕ್ಷಿಣದ ಪಾಂಡ್ಯ ದೇಶವನ್ನು ಕಂಡ ಮಾರ್ಕೊ ಪೋಲೊ ಒಂದು ವಿಚಿತ್ರ ಸಂಗತಿ ಬರೆದಿದ್ದಾನೆ. ಅಲ್ಲಿನ ಅರಸರು ಅಪಾರ ಹಣ ತೆತ್ತು ಪ್ರತಿವರ್ಷ ಸಾವಿರಾರು ಕುದುರೆಗಳನ್ನು ಸಮುದ್ರದಾಚೆಯಿಂದ ತರಿಸುತ್ತಿದ್ದರು. ಆರೈಕೆ ಬಲ್ಲವರಿಲ್ಲದೆ ಅವುಗಳಲ್ಲಿ ಬಹುಪಾಲು ಸಾಯುತ್ತಿದ್ದವು. ಕುದುರೆ ವ್ಯಾಪಾರಿಗಳು ಆರೈಕೆ ಬಲ್ಲವರನ್ನು ಅತ್ತ ಹೋಗಗೊಡುತ್ತಿರಲಿಲ್ಲ ಎಂದೂ ಅವನು ಹೇಳುತ್ತಾನೆ. ಕುದುರೆ ಸತ್ತಷ್ಟೂ ವ್ಯಾಪಾರ! ಏಳು ಶತಮಾನಗಳ ಬಳಿಕ ನಾವೂ ಕುದುರೆಗೆ, ಲಾಯಕ್ಕೆ, ಜೀನಿಗೆ, ಸವಾರಿಯ ಪಾಠಕ್ಕೆ ಹಣ ಸುರಿದು, ನೋಡಿಕೊಳ್ಳುವವನ ಮುಂದೆ ಮಾತ್ರ ಚೌಕಾಶಿಗೆ ನಿಲ್ಲುತ್ತೇವೆ.

ನಾನೂ ನಿಂತೆ. ತಿಂಗಳಿಗೆ 6,000 ಎಂದೆ. ಎರಡು ಹೊತ್ತು ಎರಡೆರಡು ಗಂಟೆಯ ಲೆಕ್ಕ ಅದು. ಹಿರಿಯರು ಸಿಟ್ಟಾಗಲಿಲ್ಲ. ‘ನೀವು ಹೇಳೋದು ಲದ್ದಿ ಬಾಚೋ ಸಂಬಳ ಸಾರ್. ಅದಕ್ಕೆ ಯಾರಾದರೂ ಸಿಗ್ತಾರೆ. ರಾತ್ರಿ ಒಂದು ಗಂಟೆಗೆ ಫೋನು ಬಂದರೆ ಎದ್ದು ಬರೋನಿಗೆ ಎಷ್ಟು?’ ಎಂದು ಕೇಳಿದರು. ನಾನು ಆ ರಾತ್ರಿ ಹಗ್ಗ ಹಿಡಿದು ಓಡಾಡಿದ್ದು ನೆನಪಾಯಿತು. ಅಂದು ಯಾರಾದರೂ ಬಂದಿದ್ದರೆ ಎಷ್ಟು ಕೊಡುತ್ತಿದ್ದೆ? 12,000ಕ್ಕೆ ಮಾತು ನಿಂತಿತು. ಲಾಯದ ಕೋಣೆಯ ಬಾಡಿಗೆಗಿಂತ ಅದಿನ್ನೂ ಕಡಿಮೆ ಎಂಬುದನ್ನು ಓದುಗರು ಗಮನಿಸಬೇಕು.

ಅವರ ಕೆಲಸ ನೋಡಿ ಅದೇ ಲಾಯದ ಇನ್ನಿಬ್ಬರು ಒಡೆಯರು ತಮ್ಮ ಕುದುರೆಗಳನ್ನೂ ಅವರಿಗೇ ಒಪ್ಪಿಸಿದರು. ಹೊಸ ಪ್ರಶ್ನೆ ಹುಟ್ಟಿದ್ದು ಆಗ. ಮೂವರ ಕೆಲಸ ಮಾಡುವವನು ಯಾರ ನೌಕರ? ಮೂವರೂ ಕೂಲಿ ಕೊಡುತ್ತೇವೆ. ಒದೆ ಬಿದ್ದರೆ ಮೂವರಲ್ಲಿ ಯಾರು ಆಸ್ಪತ್ರೆಗೆ ಕರೆದೊಯ್ಯುತ್ತೇವೆ? ಗೌರಿಬಿದನೂರಿನ ಹುಡುಗನ ಪಕ್ಕೆಲುಬು ನನ್ನ ಕಣ್ಣ ಮುಂದೆ ಬಂತು. ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ಇ–ಶ್ರಮ್ ನೋಂದಣಿಗೆ ಪ್ರಯತ್ನಿಸಿದೆ. ಅದು 16ರಿಂದ 59 ವರ್ಷದವರಿಗೆ ಮಾತ್ರ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮೆ 70 ವರ್ಷದವರೆಗೂ ದೊರೆಯುತ್ತದೆ, ಅದನ್ನು ಮಾಡಿಸಿದೆವು. ಆದರೆ ಅದು ಅಪಘಾತದ ಸಾವಿಗೆ, ಶಾಶ್ವತ ಅಂಗವೈಕಲ್ಯಕ್ಕೆ. ಮುರಿದು ಕೂಡಿಕೊಳ್ಳುವ ಮೂಳೆಗೆ ಅದರಲ್ಲಿ ಬಿಡಿಗಾಸೂ ಇಲ್ಲ.

ಕುತೂಹಲಕ್ಕೆ ಕುದುರೆಯ ಪರವಾಗಿ ಕಾನೂನು ಏನು ಹೇಳುತ್ತದೆ ಎಂದೂ ನೋಡಿದೆ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳ ಕುರಿತು 1965ರಲ್ಲಿ ಕೇಂದ್ರ ರೂಪಿಸಿದ ನಿಯಮಗಳಿವೆ. ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ಬಿಡುವಿಲ್ಲದೆ ಸತತ ಐದು ಗಂಟೆ ಮೀರಬಾರದು, ತಾಪಮಾನ 37 ಡಿಗ್ರಿ ಸೆಲ್ಸಿಯಸ್ ದಾಟುವ ಪ್ರದೇಶದಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಬಿಡುವು ಕೊಡಬೇಕು. ಎಷ್ಟು ವಿವೇಕದ ನಿಯಮಗಳು! ಇದನ್ನು ಹಿರಿಯರಿಗೆ ಓದಿ ಹೇಳಿದೆ. ಅವರು ಗೊರಸು ಕೆರೆಯುತ್ತಲೇ ನಕ್ಕು, ‘ನಾವು ಗಾಡಿ ಓಡಿಸುವಾಗ ಕುದುರೆಗೆ ಬಿಡುವು ಕೊಟ್ಟು ಹುಲ್ಲು ತರೋದಕ್ಕೆ ಹೋಗ್ತಿದ್ವಿ ಸಾರ್. ಅದು ಬಿಡುವಾಗಿ ನಿಂತಿರೋದು, ನಾವು ತಲೆ ಮೇಲೆ ಹೊರೆ ಹೊತ್ತಿರೋದು’ ಎಂದರು.

ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ನಮ್ಮಲ್ಲಿದೆ. ಸೌಕರ್ಯ ಕಂಡೊಡನೆ ನಡೆಯಲಾರದವರಾಗುವ ನಮ್ಮ ಸ್ವಭಾವದ ಮೇಲಿನ ವಿನೋದ ಅದು. ಆಳು ಸಿಕ್ಕೊಡನೆ ನೋಡುವುದನ್ನೇ ಬಿಟ್ಟುಬಿಡುವುದೂ ಅದೇ ಬಗೆಯ ಕಾಲುನೋವು. ಕುದುರೆಯಷ್ಟೇ ಏಕೆ, ಹಾಸಿಗೆ ಹಿಡಿದ ತಂದೆತಾಯಿಗೆ, ಹಾಲು ಕುಡಿಯುವ ಮಗುವಿಗೆ ದಿನಗೂಲಿಯ ಮೇಲೆ ಜನ ಹುಡುಕುವ ಮನೆಗಳು ಇಂದು ನಮ್ಮ ಸಣ್ಣ ಊರುಗಳಲ್ಲೂ ಹೆಚ್ಚಿವೆ. ‘ಒಳ್ಳೆಯವರು ಸಿಗುತ್ತಿಲ್ಲ’ ಎಂಬ ದೂರು ಎಲ್ಲೆಲ್ಲೂ ಕೇಳುತ್ತದೆ. ಒಳ್ಳೆಯವರು ಉಳಿಯುವಂಥ ಕೆಲಸವನ್ನು ನಾವು ಕೊಡುತ್ತಿದ್ದೇವೆಯೇ ಎಂಬ ಪ್ರಶ್ನೆ ಮಾತ್ರ ಕೇಳುವುದಿಲ್ಲ.

ಮೂವರು ಒಡೆಯರೂ ಒಂದು ಭಾನುವಾರ ಲಾಯದ ಕಟ್ಟೆಯ ಮೇಲೆ ಕುಳಿತು ಒಂದು ಹಾಳೆಯಲ್ಲಿ ನಾಲ್ಕು ಮಾತು ಬರೆದೆವು. ಸಂಬಳ ತಿಂಗಳ ಐದನೆಯ ತಾರೀಖಿನೊಳಗೆ. ಕೆಲಸದಲ್ಲಿ ಪೆಟ್ಟಾದರೆ ಚಿಕಿತ್ಸೆಯ ವೆಚ್ಚ ಮೂವರ ಸಮಪಾಲು, ಯಾರ ಕುದುರೆ ಒದ್ದರೂ ಸರಿ. ಕೆಲಸ ಬಿಡಿಸುವುದಾದರೆ ಒಂದು ತಿಂಗಳ ಮುನ್ಸೂಚನೆ ಇಲ್ಲವೇ ಒಂದು ತಿಂಗಳ ಸಂಬಳ. ವಾರಕ್ಕೊಂದು ದಿನ ಪೂರ್ಣ ರಜೆ. ಇದರಲ್ಲಿ ಕ್ರಾಂತಿಕಾರಿಯಾದದ್ದೇನೂ ಇಲ್ಲ. ಗೋದಾಮಿಗೆ ಹೋದ ಆ ಹುಡುಗನಿಗೆ ಸಿಕ್ಕಿದ್ದೂ ಹೆಚ್ಚುಕಡಿಮೆ ಇಷ್ಟೇ. ಇದನ್ನು ಮೊದಲೇ ಬರೆದಿದ್ದರೆ ಅವನು ಹೋಗುತ್ತಿರಲಿಲ್ಲವೇನೋ.

ರಜೆಯ ದಿನ ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆ ಬಂತು. ಹಿರಿಯರು ನನ್ನ ಕಡೆ ಕೈ ತೋರಿಸಿದರು. ಮೂರು ವಾರ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದರು. ಈಗ ಪ್ರತಿ ಶುಕ್ರವಾರ ಅವರು ನಮಾಜಿಗೆ, ಮೊಮ್ಮಕ್ಕಳ ಬಳಿಗೆ ಹೋಗುತ್ತಾರೆ. ನಾನು ಬೆಳಿಗ್ಗೆ ಆರಕ್ಕೆ ಲಾಯಕ್ಕೆ ಹೋಗುತ್ತೇನೆ. ಲದ್ದಿ ಬಾಚುತ್ತೇನೆ, ತೊಟ್ಟಿ ತಿಕ್ಕಿ ತೊಳೆದು ಹೊಸ ನೀರು ತುಂಬಿ, ಕುದುರೆ ಬಾಯಿಟ್ಟು ಕುಡಿಯುವವರೆಗೆ ಅಲ್ಲೇ ನಿಲ್ಲುತ್ತೇನೆ. ಹಿಂಗಾಲು ಎತ್ತುವಾಗ ಎದೆ ಇನ್ನೂ ಹೊಡೆದುಕೊಳ್ಳುತ್ತದೆ. ಸಂಜೆ ಅವರ ಫೋನು ಬರುತ್ತದೆ. ಕೇಳುವುದು ಅದೇ ಹಳೆಯ ಪ್ರಶ್ನೆ: ‘ಲದ್ದಿ ಹೇಗೆ ಹಾಕಿತು ಸಾರ್?’ ನಾನು ನೋಡಿದ್ದನ್ನು ಹೇಳುತ್ತೇನೆ.